ಸೋತ ಪಂದ್ಯಗಳ ಸ್ಕೋರ್ ಪುಸ್ತಕ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರೊಬ್ಬರು ಹಲವು ವರ್ಷಗಳಿಂದ ಒಂದು ಪುಸ್ತಕ ಕಟ್ಟಿದ್ದಾರೆ. ಪತ್ರಿಕೆಯಲ್ಲಿ ಬಂದ ಕ್ರಿಕೆಟ್ ಸ್ಕೋರ್ ವಿವರ ಕತ್ತರಿಸಿ, ಹಳೇ ಲೆಕ್ಕದ ಪುಸ್ತಕದ ಹಾಳೆಗೆ ಅಂಟಿಸಿದ್ದಾರೆ. ಲೀಗ್ ಪಂದ್ಯಗಳು ಅದರಲ್ಲಿಲ್ಲ. ಪ್ಲೇಆಫ್, ಎಲಿಮಿನೇಟರ್, ಫೈನಲ್ ಅಷ್ಟೇ. ಅದರಲ್ಲೂ ನಮ್ಮವರು ಸೋತದ್ದು ಮಾತ್ರ. ‘ನಮ್ಮವರು’ ಎಂದರೆ ಹೆಚ್ಚಾಗಿ ಆರ್‌ಸಿಬಿ, ನಡುನಡುವೆ ಕರ್ನಾಟಕ ರಣಜಿ ತಂಡ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯರೂ ತಮ್ಮ ಮನೆಗೆ ಬರುವ ಪತ್ರಿಕೆಯ ತುಂಡುಗಳನ್ನು ತಂದುಕೊಟ್ಟಿದ್ದಾರೆ. ಈ ಪುಸ್ತಕವನ್ನು ನಾನು ಒಂದು ಕೃತಿ ಎಂದೇ ಓದಿದೆ. ಮೆಚ್ಚುಗೆಯಿದೆ, ತಕರಾರೂ ಇದೆ.

ಕ್ರಿಕೆಟ್ ಕಾರ್ಡು ನಮಗೆ ಹೊಸದೇನಲ್ಲ. ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಆಟಗಾರರ ಚಿತ್ರಗಳಿಗೆ ಶಾಲೆ ಮೈದಾನದಲ್ಲಿ ಜಗಳವೇ ಆಗುತ್ತಿತ್ತು. 1999ರ ವಿಶ್ವಕಪ್ ವೇಳೆ ಬ್ರಿಟಾನಿಯಾ ಬಿಸ್ಕತ್ತಿನ ಪೊಟ್ಟಣದ ಮೇಲಿನ ರನ್ ಕೂಡಿಸಿ ನೂರು ಮಾಡಲು ಇಡೀ ಮನೆ ಬಿಸ್ಕತ್ತು ತಿಂದಿತ್ತು. ಆಮೇಲೆ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್ ಬಂತು. ಇವೆಲ್ಲ ಚೆಂದವೇ. ಆದರೆ ಇವುಗಳಲ್ಲಿ ಆಟಗಾರನಿದ್ದಾನೆ, ಪಂದ್ಯವಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೋಕ ಒಂದು ಹೆಜ್ಜೆ ಮುಂದೆ ಹೋಗಿ, 2020ರಲ್ಲಿ ಎನ್‌ಬಿಎ ಟಾಪ್ ಶಾಟ್ ಹೆಸರಿನಲ್ಲಿ ಪಂದ್ಯದ ತುಣುಕುಗಳನ್ನೇ ಡಿಜಿಟಲ್ ಕಾರ್ಡು ಮಾಡಿ ಮಾರಿತು. ಲೆಬ್ರಾನ್ ಜೇಮ್ಸ್ ಚೆಂಡನ್ನು ಬುಟ್ಟಿಗೆ ಬಡಿಯುವ ಒಂದು ತುಣುಕು ಎರಡು ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಲ್ಲಿಯೂ ಮಾರಾಟಕ್ಕಿರುವುದು ಮೆರೆದ ಕ್ಷಣವೇ. ಸೋತ ತಂಡದವನಿಗೆ ಬೇಕಾದ ಕಾರ್ಡನ್ನು ಯಾವ ಕಂಪನಿಯೂ ಅಚ್ಚು ಹಾಕುವುದಿಲ್ಲ. ಅದನ್ನು ಅವನೇ ಕತ್ತರಿ ಹಿಡಿದು ಮಾಡಿಕೊಳ್ಳಬೇಕು. ಮಂಡಿಯ ಈ ಗುಮಾಸ್ತರು ಮಾಡಿರುವುದು ಅದನ್ನೇ, ಮತ್ತು ಅದು ದೊಡ್ಡ ಕೆಲಸ.

ಈಗ ತಕರಾರು. ಪುಸ್ತಕದ ಮೊದಲ ಪುಟದಲ್ಲಿ 2009ರ ಮೇ 24ರ ಜೋಹಾನ್ಸ್‌ಬರ್ಗ್ ಫೈನಲ್ ಇದೆ. ಆರ್‌ಸಿಬಿ 9 ವಿಕೆಟಿಗೆ 137. ಆರು ರನ್ನಿನಿಂದ ಸೋಲು. ಕೆಳಗೆ ‘ವಿಕೆಟ್ ಪತನ’, ಅದರ ಕೆಳಗೆ ‘ಬೌಲಿಂಗ್’. ಅಲ್ಲಿಗೆ ಕತ್ತರಿ ನಿಂತಿದೆ. ಡೆಕ್ಕನ್ ಚಾರ್ಜರ್ಸ್ ಇನಿಂಗ್ಸೇ ಇಲ್ಲ! ಸ್ಕೋರ್ ವಿವರದಲ್ಲಿ ಬೌಲಿಂಗ್ ಲೆಕ್ಕ ಇರುವುದು ಎದುರಾಳಿಯ ಬ್ಯಾಟಿಂಗ್ ಕೆಳಗೆ. ಹಾಗಾಗಿ ಚಾರ್ಜರ್ಸ್ ಭಾಗ ಕಸಕ್ಕೆ ಹೋದಾಗ ಅದರ ಜೊತೆ ಹೋದದ್ದು ಅನಿಲ್ ಕುಂಬ್ಳೆಯ 4 ಓವರ್, 16 ರನ್, 4 ವಿಕೆಟ್. ಗಿಲ್‌ಕ್ರಿಸ್ಟ್ ಖಾತೆ ತೆರೆಯುವ ಮೊದಲೇ ಬೌಲ್ಡ್ ಆದದ್ದೂ ಹೋಯಿತು. ಸೋತ ತಂಡದ ನಾಯಕ ಪಂದ್ಯಶ್ರೇಷ್ಠನಾದ ಫೈನಲ್ ಅದು. ಈ ಪುಟದಲ್ಲಿ ಅದರ ಸುಳಿವೂ ಇಲ್ಲ.

2016ರ ಪುಟದಲ್ಲಿ ಇದೇ ತಪ್ಪು ಇನ್ನೂ ದುಬಾರಿಯಾಗಿದೆ. ಮೇ 29, ಚಿನ್ನಸ್ವಾಮಿ ಕ್ರೀಡಾಂಗಣ. ಗೇಲ್ 38 ಎಸೆತದಲ್ಲಿ 76, ಕೊಹ್ಲಿ 54, ಮೊದಲ ವಿಕೆಟಿಗೆ 114. ಅದರ ಕೆಳಗೆ ಡಿವಿಲಿಯರ್ಸ್ 5, ರಾಹುಲ್ 11. ಈ ಅರ್ಧ ತುಂಡನ್ನು ನೋಡಿದ ಯಾರಾದರೂ ಮಧ್ಯಮ ಕ್ರಮಾಂಕವನ್ನು ಬಯ್ಯುತ್ತಾರೆ. ನಮ್ಮ ಚಹಾ ಅಂಗಡಿಗಳಲ್ಲಿ ಇವತ್ತಿಗೂ ನಡೆಯುವ ವಾದ ಅದೇ. ಕತ್ತರಿಸಿ ಎಸೆದ ಇನ್ನೊಂದು ಅರ್ಧದಲ್ಲಿ ಸನ್‌ರೈಸರ್ಸ್ 208 ಇತ್ತು, ಬೆನ್ ಕಟಿಂಗ್ 15 ಎಸೆತದಲ್ಲಿ ಔಟಾಗದೆ 39 ಇತ್ತು, ವಾಟ್ಸನ್ 4 ಓವರಿಗೆ 61 ರನ್ ಕೊಟ್ಟ ಲೆಕ್ಕವಿತ್ತು. ಸೋತದ್ದು ಎಂಟು ರನ್ನಿನಿಂದ. ಇಷ್ಟು ಗೊತ್ತಿದ್ದವನು ಡಿವಿಲಿಯರ್ಸ್ ಒಬ್ಬರ ಮೇಲೆ ಸೋಲು ಹೊರಿಸಲಾರ.

ಪುಸ್ತಕದಲ್ಲಿ ಎರಡೂ ಕಡೆಯ ವಿವರ ಪೂರ್ತಿ ಇರುವುದು ಒಂದೇ ಪಂದ್ಯದ್ದು, ಅದೇ ಅತ್ಯುತ್ತಮ ಪುಟ. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ರಣಜಿ ಫೈನಲ್. ನಾಲ್ಕು ಇನಿಂಗ್ಸ್ ಒಂದೇ ಹಾಳೆಯಲ್ಲಿ ಹಿಡಿಯದೆ ಅಂಚು ಮಡಚಿ ಅಂಟಿಸಿದ್ದಾರೆ. ಮುಂಬೈ 233 ಮತ್ತು 234. ಕರ್ನಾಟಕ 130 ಮತ್ತು 331. ಗೆಲ್ಲಲು 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದರೂ ಆರು ರನ್ನಿನಿಂದ ಸೋಲು. ನೆನಪಿನಲ್ಲಿ ಉಳಿಯುವುದು ಆ ಆರು ರನ್. ಇಡೀ ಪುಟ ಓದಿದರೆ ಕಣ್ಣು ನಿಲ್ಲುವುದು 130ರ ಮೇಲೆ, ಮೊದಲ ಇನಿಂಗ್ಸಿನಲ್ಲೇ ಬಿಟ್ಟುಕೊಟ್ಟ 103 ರನ್ನಿನ ಮೇಲೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದ ಕಾಯಿಯೇ ಉಂಡೆ ಕೊಬ್ಬರಿಯಾಗುವಂತೆ, ಸೋಲು ಕೂಡ ಕಾಲ ಕಳೆದ ಮೇಲೆಯೇ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಆದರೆ ಕಾಯಿ ಇಡಿಯಾಗಿರಬೇಕು.

ಇನ್ನೊಂದು ಕೊರತೆಗೆ ಅವರನ್ನು ದೂರುವಂತಿಲ್ಲ. ರಾತ್ರಿ ಪಂದ್ಯ ಮುಗಿಯುವ ಹೊತ್ತಿಗೆ ನಮ್ಮ ತಾಲ್ಲೂಕುಗಳಿಗೆ ಬರುವ ಪತ್ರಿಕೆ ಅಚ್ಚಾಗಿರುತ್ತದೆ. ಬೆಳಿಗ್ಗೆ ಸಿಗುವುದು ಅರ್ಧ ಪಂದ್ಯ. ಕೆಲವು ಪುಟಗಳಲ್ಲಿ ಪತ್ರಿಕೆಯ ತುಂಡಿನ ಬದಲು ಅವರ ಕೈಬರಹವೇ ಇದೆ. ಟಿ.ವಿ. ನೋಡುತ್ತ ಲೆಕ್ಕದ ಗೆರೆಗಳ ನಡುವೆ ಬರೆದ ಅಂಕಿಗಳು, ಮಂಡಿಯ ಅಭ್ಯಾಸದಂತೆ ಕೊನೆಗೆ ಕೂಡಿಸಿ ತಾಳೆ ನೋಡಿದ ಗುರುತು. ಆ ಪುಟಗಳಿಗೆ ನಾನು ಅಚ್ಚಿನ ಪುಟಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಇರಬೇಕಾಗಿದ್ದ ಒಂದು ಪುಟ ಇಲ್ಲ. 2003ರ ವಿಶ್ವಕಪ್ ಫೈನಲ್. ನಮ್ಮ ಪಕ್ಕದ ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಿಂದ ಹೆಸರು ಪಡೆದ ಶ್ರೀನಾಥ್ ಅವರ ಕೊನೆಯ ಏಕದಿನ ಪಂದ್ಯ. 10 ಓವರ್, 87 ರನ್, ವಿಕೆಟಿಲ್ಲ. ನೋಡಲು ಸಂಕಟವಾಗುತ್ತದೆ ಎಂದು ಬಿಟ್ಟಿದ್ದರೆ ಅದು ಸರಿಯಲ್ಲ. ಸೋಲಿನ ಪುಸ್ತಕ ಕಟ್ಟುವವರು ನೋಯಿಸುವ ಪುಟವನ್ನೇ ಬಿಡಬಾರದು.

ಇಂಥ ಅಂಕಿಗಳು ಯಾರ ಸ್ವತ್ತೂ ಅಲ್ಲ ಎಂಬುದೂ ಈ ಹವ್ಯಾಸದ ಬಲ. ಡಿಜಿಟಲ್ ಕ್ರಿಕೆಟ್ ಕಾರ್ಡು ಮಾರುತ್ತಿದ್ದ ರಾರಿಯೋ ಸಂಸ್ಥೆ ಪ್ರತಿಸ್ಪರ್ಧಿಯೊಬ್ಬರ ಮೇಲೆ ದಾವೆ ಹೂಡಿದಾಗ, 2023ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ಆಟಗಾರರ ಹೆಸರು, ಮೈದಾನದ ಸಾಧನೆಯ ವಿವರ ಸಾರ್ವಜನಿಕವಾಗಿ ಲಭ್ಯವಿರುವಂಥವು, ಅವುಗಳ ಮೇಲೆ ಒಬ್ಬರಿಗೇ ಹಕ್ಕಿಲ್ಲ ಎಂದಿತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 190, ಪಂಜಾಬ್ 184. ಅದೇ ಆರು ರನ್, ಈ ಸಲ ನಮ್ಮ ಕಡೆಗೆ. ಅಲ್ಲಿಗೆ ಪುಸ್ತಕ ಮುಗಿಯಿತು ಎಂದು ಅವರು ಕೊನೆಯ ಪುಟದ ಕೆಳಗೆ ಗೆರೆ ಎಳೆದಿದ್ದಾರೆ. ನಾನು ಒಪ್ಪುವುದಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರೂ ‘ಈ ಸಲ ಕಪ್ ನಮ್ದೇ’ ಎಂದು ಕಾದವರೇ. ಆ ಸುದ್ದಿಗೆ ಈ ಪುಸ್ತಕದಲ್ಲಿ ಜಾಗ ಇರಲೇಬೇಕು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಆರ್‌ಸಿಬಿ ಮಹಿಳೆಯರು ಕಪ್ ಗೆದ್ದದ್ದು, ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಕಿತ್ತದ್ದು ಕೂಡ ಬರಬೇಕು. ಗೆಲುವಿಗೆ ಗೆರೆ ಎಳೆಯುವುದಾದರೆ ಮೊದಲ ಗೆರೆ ಅಲ್ಲಿ.

ನಿಮ್ಮ ಮನೆಯಲ್ಲೂ ಇಂಥ ಪುಸ್ತಕವಿದ್ದರೆ, ದಯವಿಟ್ಟು ಎರಡೂ ತಂಡಗಳ ವಿವರವನ್ನು ಪೂರ್ತಿ ಕತ್ತರಿಸಿ, ಪಕ್ಕದಲ್ಲಿ ದಿನಾಂಕ, ಊರು ಬರೆಯಿರಿ. ಮೈದಾ ಅಂಟು ಹಾಕಬೇಡಿ, ಜಿರಳೆ ತಿನ್ನುತ್ತದೆ. ಊರಿನ ಟೂರ್ನಿಗಳ ಸ್ಕೋರ್ ಪುಸ್ತಕ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ರದ್ದಿಗೆ ಹಾಕುವ ಮೊದಲು ಜೆರಾಕ್ಸ್ ಮಾಡಿಸಿಡಿ. ಆ ಪಂದ್ಯಗಳ ಲೆಕ್ಕ ಬೇರೆಲ್ಲೂ ಸಿಗುವುದಿಲ್ಲ.