ಕಿವಿಗೆ ಒಲಿದ ಗಣಕ ಪಾಠ

ವೆಬ್ ಪುಟ ರಚಿಸುವ ವಿದ್ಯೆಯನ್ನು ಮನೆಯಲ್ಲೇ ಕಲಿಯಬಯಸುವವರಿಗೆ ಮುಂಬಯಿ ಐ.ಐ.ಟಿ.ಯ 'ಸ್ಪೋಕನ್ ಟ್ಯುಟೋರಿಯಲ್' ಒಂದು ಆಸರೆ. ಪ್ರೊ. ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ ಬೆಳೆದ ಈ ಯೋಜನೆಯ ಪ್ರೋಗ್ರಾಮಿಂಗ್ ಪಾಠಗಳನ್ನು ನಾವು ಕನ್ನಡದಲ್ಲಿ ಕೇಳಿದೆವು. ಒಂದೊಂದೂ ಸುಮಾರು 10 ನಿಮಿಷದ್ದು. ತೆರೆಯ ಬರಹ ಇಂಗ್ಲಿಷಿನದು, ವಿವರಣೆ ಕನ್ನಡದ್ದು. ಅರ್ಧ ತೆರೆಯಲ್ಲಿ ಪಾಠ, ಉಳಿದರ್ಧದಲ್ಲಿ ನಮ್ಮ ಅಭ್ಯಾಸ.

ನಾಗಪುರದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಪುಸ್ತಕ ತಲುಪದ ಅವರನ್ನು ಈ ದನಿ ತಲುಪಬಲ್ಲದು. ಅಡಿಗೆಮನೆಯ ಮಾತು ವಿದ್ಯೆಯ ಮಾತೂ ಆಗುವುದೆಂದರೆ ಸಣ್ಣ ಲಾಭವಲ್ಲ.

ಆದರೆ ಕೊರತೆಯೂ ಉಂಟು. ಮೊದಲೇ ಸಿದ್ಧವಾದ ಚಿತ್ರದ ವೇಗಕ್ಕೆ ಕನ್ನಡವನ್ನು ಹೊಂದಿಸಿರುವುದರಿಂದ ದನಿ ಓಡುತ್ತದೆ. ಏನು ಮಾಡಬೇಕೆಂಬುದು ತಿಳಿದರೂ ಏಕೆಂಬುದಕ್ಕೆ ಬಿಡುವು ಸಾಲದು. ಎಚ್.ಟಿ.ಎಂ.ಎಲ್.ನಲ್ಲಿ ದಪ್ಪ ಅಕ್ಷರದ ಟ್ಯಾಗನ್ನು ಮುಚ್ಚಲು ಮರೆತರೆ ಬ್ರೌಸರು ತಪ್ಪೆಂದು ಹೇಳುವುದಿಲ್ಲ. ಮುಂದಿನ ಬರಹವನ್ನೆಲ್ಲ ದಪ್ಪಗೆ ತೋರಿಸಿ ಸುಮ್ಮನಾಗುತ್ತದೆ. ಕಾರಣ ಬಲ್ಲವನು ತಿದ್ದಿಕೊಂಡಾನು. ಬರಿದೆ ನಕಲು ಮಾಡಿದವನು ಕೈಚೆಲ್ಲಿಯಾನು.

ಆದ್ದರಿಂದ ಪಾಠ ಮುಗಿದ ಮೇಲೆ ಮಕ್ಕಳು ಒಂದು ಟ್ಯಾಗನ್ನು ಬೇಕೆಂದೇ ಅಳಿಸಿ, ಪುಟ ಹೇಗೆ ಕೆಡುವುದೆಂದು ನೋಡಲಿ. ಗಣಕ ತಿಳಿಯದ ತಾಯ್ತಂದೆಯರೂ ಪಕ್ಕದಲ್ಲಿ ಕುಳಿತು, "ಹೀಗೇಕಾಯಿತು?" ಎಂದು ಕನ್ನಡದಲ್ಲೇ ಕೇಳಲಿ.