ಘಟ್ಟ, ಗುಡಿ, ಅಡುಗೆಮನೆ: ವಿಡಿಯೊ ಗೇಮ್‌ಗಳಲ್ಲಿ ಭಾರತ

ಭಾರತದ ನೆಲ, ಪುರಾಣ ಮತ್ತು ಬದುಕನ್ನು ವಸ್ತುವಾಗಿಸಿಕೊಂಡ ವಿಡಿಯೊ ಗೇಮ್‌ಗಳು ಕಳೆದ ದಶಕದಲ್ಲಿ ಒಂದು ಪುಟ್ಟ ಪರಂಪರೆಯಾಗಿ ಬೆಳೆದಿವೆ. ಇವುಗಳನ್ನು ದೃಶ್ಯವೈಭವದಿಂದ ಮಾತ್ರ ಅಳೆಯಲಾಗದು. ಗೇಮ್ ಎಂಬುದು ಕೈಯಾರೆ ಆಡಬೇಕಾದ ಕಲೆ. ಆಡುವವರಿಗೆ ಅದು ಯಾವ ಕೆಲಸ ಕೊಡುತ್ತದೆ, ಆ ಕೆಲಸ ಕಥೆ ನಡೆಯುವ ನೆಲದಿಂದಲೇ ಹುಟ್ಟಿದೆಯೇ ಎಂಬುದೇ ಇಲ್ಲಿ ಮುಖ್ಯ.

ಕೊಡಗನ್ನು ಒಳಗೊಂಡ ಪಶ್ಚಿಮ ಘಟ್ಟಕ್ಕೆ ಜಾಗತಿಕ ಗೇಮ್‌ಗಳಲ್ಲಿ ದೊಡ್ಡ ಜಾಗ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲಿ. ಅಮೆರಿಕದ ನಾಟಿ ಡಾಗ್ ಸಂಸ್ಥೆ ಪ್ಲೇಸ್ಟೇಷನ್ 4ಕ್ಕಾಗಿ ರೂಪಿಸಿದ ಈ ಸಾಹಸಕಥೆಯಲ್ಲಿ ಕ್ಲೋಯಿ ಫ್ರೇಜರ್ ಮತ್ತು ನಡೀನ್ ರಾಸ್ ಎಂಬ ಇಬ್ಬರು ಹೆಂಗಸರು ಹೊಯ್ಸಳರ ಅವಶೇಷಗಳ ನಡುವೆ ಗಣೇಶನ ದಂತವನ್ನು ಅರಸುತ್ತಾರೆ. ಪರಶುರಾಮನ ಕೊಡಲಿಯೇಟಿಗೆ ಗಣೇಶ ದಂತ ಕಳೆದುಕೊಂಡ ಪುರಾಣವೇ ಕಥೆಯ ಬೆನ್ನೆಲುಬು. ಗೇಮಿನ ಅತ್ಯುತ್ತಮ ಭಾಗ ಜೀಪಿನ ಓಡಾಟ. ಕೆಸರಿನ ಏರಿನಲ್ಲಿ ಚಕ್ರ ಹಿಡಿತ ತಪ್ಪಿ ಗಾಡಿ ಹಿಂದಕ್ಕೆ ಜಾರುವ ಅನುಭವ, ಮಡಿಕೇರಿಯಿಂದ ಬಾಡಿಗೆ ಜೀಪಿನಲ್ಲಿ ಮಾಂದಲ್‌ಪಟ್ಟಿ ಹತ್ತಿದವರಿಗೆ ಹೊಸದಲ್ಲ. ನೆಲ ಇಲ್ಲಿ ಆಟದ ನಿಯಮವೇ ಆಗಿದೆ.

ಉಳಿದೆಡೆ ಅದು ಬರೀ ಹಿನ್ನೆಲೆಪರದೆ. ಬೇಲೂರು, ಹಳೇಬೀಡುಗಳ ಶಿಲ್ಪದ ಹಿರಿಮೆ ಇರುವುದು ಮೃದುವಾದ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಯಲ್ಲಿ, ಕಣ್ಣಳತೆಗೆ ದಕ್ಕುವ ಗುಡಿಗಳಲ್ಲಿ. ಗೇಮ್ ಅದರ ಬದಲು ಬೆಟ್ಟದೆತ್ತರದ ವಿಗ್ರಹಗಳನ್ನು ನಿಲ್ಲಿಸುತ್ತದೆ. ಕಾಡಿನಲ್ಲಿ ಬಂದೂಕುಧಾರಿಗಳಿದ್ದಾರೆ, ಊರಿನವರಿಲ್ಲ. ನಾಯಕಿಯರು ಸಿಕ್ಕಿಬಿದ್ದ ಆನೆಯೊಂದನ್ನು ಬಿಡಿಸಿ ಅದರ ಬೆನ್ನೇರುವ ದೃಶ್ಯ ಮನಸ್ಸಿಗೆ ತಟ್ಟುವಂಥದ್ದು. ಆದರೆ ಹಲಸು ಹಣ್ಣಾಗುವ ಹೊತ್ತಿಗೆ ಕಾಫಿ ತೋಟಕ್ಕೆ ಇಳಿಯುವ ಕಾಡಾನೆ, ಅದಕ್ಕೆ ಹೆದರಿ ಬೆಳಗಿನ ಕೆಲಸಕ್ಕೆ ತಡವಾಗಿ ಹೋಗುವ ಕಾರ್ಮಿಕರು ಈ ಘಟ್ಟದಲ್ಲಿ ಕಾಣುವುದಿಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಒಳಗಿನವರ ಕಣ್ಣಿನ ಕೃತಿ. ತಮ್ಮ ಗೋಲುವನ್ನು ಅಸುರರಿಂದ ಬಿಡಿಸಲು ಹೊರಟ ಹುಡುಗಿಯ ಕಥೆಯನ್ನು ದುರ್ಗೆ ಮತ್ತು ವಿಷ್ಣು ನಿರೂಪಿಸುತ್ತಾರೆ. ತೊಗಲುಗೊಂಬೆಯಾಟದ ಶೈಲಿಯ ದೃಶ್ಯಗಳು ಬಹಳ ಚೆನ್ನಾಗಿವೆ. ಕಾದಾಟ ಮಾತ್ರ ಎಲ್ಲೆಡೆ ಕಂಡ ಮಾದರಿಯದೇ. ಅಂತ್ಯವಂತೂ ಕಥೆ ಅರ್ಧಕ್ಕೇ ನಿಂತಂತಿದೆ.

ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ‘ಫೌ-ಜಿ’ 2021ರ ಗಣರಾಜ್ಯೋತ್ಸವದಂದು ಬಿಡುಗಡೆಯಾಯಿತು. ಪಬ್‌ಜಿ ಮೊಬೈಲ್ ನಿಷೇಧದ ಬೆನ್ನಿಗೇ ಪ್ರಕಟವಾದ ಈ ಮೊಬೈಲ್ ಗೇಮಿಗೆ ಗಲ್ವಾನ್ ಕಣಿವೆ ರಂಗಭೂಮಿ. ಸೇನೆಯೊಂದಿಗೆ ಆಳವಾದ ನಂಟಿರುವ, ಜನರಲ್ ತಿಮ್ಮಯ್ಯ ಮತ್ತು ಫೀಲ್ಡ್ ಮಾರ್ಷಲ್ ಕಾರ್ಯಪ್ಪರನ್ನು ಕೊಟ್ಟ ಕೊಡಗಿನಂಥ ನಾಡಿಗೆ ಈ ವಸ್ತು ಹತ್ತಿರದ್ದು. ಆದರೆ ಒಬ್ಬರ ಹಿಂದೊಬ್ಬರಂತೆ ಬರುವ ಎದುರಾಳಿಗಳನ್ನು ಬಡಿಯುವುದರಾಚೆ ಮೊದಲ ಆವೃತ್ತಿ ಹೋಗಲಿಲ್ಲ. ಎತ್ತರದ ಗಾಳಿ, ಚಳಿ, ಕಾಯುವಿಕೆ ಇವು ಆಟವಾಗಲಿಲ್ಲ. ಪುಣೆಯ ಸೂಪರ್‌ಗೇಮಿಂಗ್ 2024ರ ಅಕ್ಟೋಬರ್‌ನಲ್ಲಿ ತಂದ ‘ಇಂಡಸ್’ ಭಾರತೀಯ ಭವಿಷ್ಯಲೋಕವೊಂದನ್ನು ಕಲ್ಪಿಸಿದರೂ ಅದರ ಒಡಲು ಪರಿಚಿತ ಬ್ಯಾಟಲ್ ರಾಯಲ್‌ನದೇ.

ಈ ಸಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಅತಿ ಚಿಕ್ಕ ಕೃತಿ. ಟೊರಾಂಟೊದ ವಿಸೈ ಗೇಮ್ಸ್ 2023ರ ಜುಲೈಯಲ್ಲಿ ತಂದ ‘ವೆಣ್ಬಾ’, 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಕಥೆ. ತಾಯಿಯ ಅಡುಗೆ ಪುಸ್ತಕ ಹರಿದು ಅಕ್ಷರ ಅಳಿಸಿದೆ. ಇಡ್ಲಿ, ಪುಟ್ಟು ಮಾಡುವ ಕ್ರಮವನ್ನು ಆಡುವವರೇ ಊಹಿಸಿ ಸರಿಪಡಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಕಳೆದುಹೋಗುತ್ತಿರುವ ಸಂಸ್ಕೃತಿಯನ್ನು ಮರಳಿ ಜೋಡಿಸುವುದೆಂದರೇನೆಂದು ಇಲ್ಲಿ ಮಾತಿಗಿಂತ ಕೈಗೆ ಮೊದಲು ತಿಳಿಯುತ್ತದೆ. 2024ರಲ್ಲಿ ಇದಕ್ಕೆ ಚೊಚ್ಚಲ ಗೇಮ್ ವಿಭಾಗದ ಬಾಫ್ಟಾ ಪ್ರಶಸ್ತಿ ಬಂದದ್ದು ಅರ್ಹವೇ.

ಹೀಗೆ ನೋಡಿದರೆ ಈ ಪರಂಪರೆಯ ಕೊರತೆ ಹಣದ್ದೋ ಚಿತ್ರಕಲೆಯದ್ದೋ ಮಾತ್ರವಲ್ಲ, ನಿಯಮಗಳದ್ದು. ದೇವರು, ಗುಡಿ, ಗಡಿಗಳನ್ನು ತಂದಿಟ್ಟು ಆಟವನ್ನು ಹೊರಗಿನಿಂದ ಎರವಲು ಪಡೆದಾಗ ಕೃತಿ ಸೊರಗುತ್ತದೆ. ಹೂಮಳೆಗೆ ಕಾಯುವುದೋ ಸ್ಪ್ರಿಂಕ್ಲರ್ ಹಚ್ಚುವುದೋ, ಹಲಸನ್ನು ಮರದಲ್ಲೇ ಬಿಡುವುದೋ ಆನೆ ಬರುವ ಮುನ್ನ ಕೀಳಿಸುವುದೋ ಎಂದು ಕೊಡಗಿನ ಬೆಳೆಗಾರ ಪ್ರತಿವರ್ಷ ತೂಗಿ ನೋಡುವ ಸಂದಿಗ್ಧಗಳಲ್ಲಿ ಒಳ್ಳೆಯ ಗೇಮಿಗೆ ಬೇಕಾದ ಆಯ್ಕೆ, ಅಪಾಯ, ಫಲ ಮೂರೂ ಇವೆ. ಮುಂದಿನ ಕೃತಿಗಳು ಇಂಥ ಬದುಕಿನಿಂದ ನಿಯಮಗಳನ್ನು ಕಟ್ಟಿಕೊಂಡಾಗಲೇ ಪರಂಪರೆಗೆ ಸ್ವಂತ ಮುಖ ಬರುತ್ತದೆ.