ಬುಕಾನನ್ ಒಬ್ಬನನ್ನು ಬಿಟ್ಟುಬಿಡಿ

ಉತ್ತರ ಕನ್ನಡದ ಚರಿತ್ರೆಯ ಮೇಲೆ ಎಲ್ಲಿ ಗೋಷ್ಠಿ ನಡೆದರೂ ಒಂದು ತೀರ್ಪು ತಪ್ಪದೆ ಕಿವಿಗೆ ಬೀಳುತ್ತದೆ. ಬುಕಾನನ್‌ನಿಂದ ಹಿಡಿದು ಗೆಜೆಟಿಯರ್‌ವರೆಗಿನ ಬರಹವೆಲ್ಲ ಆಳುವವರ ಕಡತ, ಅದಕ್ಕಿರುವುದು ಒಂದೇ ಕಣ್ಣು, ಮಾಹಿತಿಗೆ ಬೇಕಾದರೆ ಬಳಸಿಕೊಳ್ಳಿ, ಬರಹವೆಂದು ಓದಬೇಡಿ. ಹೀಗೆ ಹೇಳುವವರಲ್ಲಿ ಬಹಳಷ್ಟು ಮಂದಿ ಬುಕಾನನ್‌ನ ಮೂರು ಸಂಪುಟಗಳ ಬೆನ್ನು ಕಂಡವರು, ಒಡಲು ಕಂಡವರಲ್ಲ. ಇವರಿಗೆ ತದ್ವಿರುದ್ಧವಾದ ಇನ್ನೊಂದು ಗುಂಪೂ ಇದೆ: ಸಾಹೇಬರು ಬರುವತನಕ ಕಾಳಿ ಕಣಿವೆ ಯಾರೂ ತುಳಿಯದ ಕಾಡಾಗಿತ್ತು ಎಂದು ನಂಬಿದ ಪ್ರವಾಸೋದ್ಯಮದ ಭಕ್ತರು. ಇವರ ಮೇಲೆ ಶಾಯಿ ಖರ್ಚು ಮಾಡಲಾರೆ. ಉಳವಿ ಜಾತ್ರೆಗೆ ನಡೆದು ಬರುತ್ತಿದ್ದವರನ್ನೋ, ಮೆಣಸು ಹೇರಿಕೊಂಡು ಘಟ್ಟ ಇಳಿಯುತ್ತಿದ್ದ ಹೇರೆತ್ತಿನವರನ್ನೋ ನೆನೆದರೆ ಸಾಕು, ಆ ಮಾತು ಬಿದ್ದುಹೋಗುತ್ತದೆ. ನನ್ನ ತಕರಾರು ಮೊದಲಿನವರೊಂದಿಗೆ. ಎಲ್ಲರನ್ನೂ ಒಂದೇ ದೊಡ್ಡಿಗೆ ಕೂಡುವ ವಿಮರ್ಶೆ ಸೋಮಾರಿ ವಿಮರ್ಶೆ.

ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿತವನು, ಸಸ್ಯಶಾಸ್ತ್ರದ ಹುಚ್ಚು ಹಿಡಿಸಿಕೊಂಡವನು. ಟಿಪ್ಪು ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ. ಮೈಸೂರು, ಮಲಬಾರ್ ಮುಗಿಸಿಕೊಂಡು 1801ರ ಮೊದಲ ತಿಂಗಳುಗಳಲ್ಲಿ ಕರಾವಳಿ ಹಿಡಿದು ಹೊನ್ನಾವರ, ಗೋಕರ್ಣ, ಅಂಕೋಲೆ ದಾಟಿ ಸದಾಶಿವಗಡಕ್ಕೆ ಬಂದ. ಅಲ್ಲಿಂದ ಕದ್ರಾ, ದೇವಕಾರದ ಮೇಲೆ ಘಟ್ಟ ಹತ್ತಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿ. ನಮ್ಮ ಸೂಪಾ ಸೀಮೆ ಅವನ ದಾರಿಯಲ್ಲಿ ಇರಲಿಲ್ಲ. ಜೊಯಿಡಾದಲ್ಲಿ ಕೂತು ಬರೆಯುವ ನಾನು ನಮ್ಮೂರಿನ ಕಡೆ ತಲೆ ಹಾಕದವನಿಗೇ ಮೊದಲ ಮಣೆ ಹಾಕುತ್ತಿದ್ದೇನೆ ಎಂದು ಯಾರಾದರೂ ನಕ್ಕರೆ ನಗಲಿ. ನಮ್ಮೂರಿಗೆ ಬಂದುಹೋದವರು ಏನು ಬರೆದರೆಂಬುದನ್ನು ಮುಂದೆ ನೋಡೋಣ.

ಬುಕಾನನ್ ನಕ್ಷೆ ಬಿಡಿಸುವ ಉದ್ಯೋಗದವನಲ್ಲ. ಸರಪಳಿ, ಕೋನಮಾಪಕ ಹಿಡಿದವರು ಬೇರೆ. ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತಿದ್ದ, ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ತ್ರಿಕೋನಗಳ ಲೆಕ್ಕ ಶುರು ಮಾಡಿದ. ಬುಕಾನನ್‌ನ ನಕ್ಷೆ ಇರುವುದು ವಾಕ್ಯಗಳಲ್ಲಿ. ದಿನಾಂಕ, ಇಂತಿಷ್ಟು ಹರದಾರಿ ನಡೆದದ್ದು, ಇಳಿದುಕೊಂಡ ಊರು, ದಾಟಿದ ನೀರು, ಮಣ್ಣು ಎಂಥದು, ಗದ್ದೆಗೆ ಬೀಜ ಎಷ್ಟು, ಆಳಿಗೆ ಕೂಲಿ ಎಷ್ಟು, ಗೇಣಿ ಯಾರಿಗೆ. ಮರುದಿನ ಮತ್ತದೇ. ಸಾವಿರಕ್ಕೂ ಮೀರಿದ ಪುಟ ಹೀಗೇ ನಡೆಯುತ್ತದೆ. ಬೇಸರ ಬರುವುದಿಲ್ಲವೇ? ಬರುತ್ತದೆ. ಕಾಲ್ನಡಿಗೆಯಲ್ಲೂ ಬರುತ್ತದೆ.

ಆದರೆ ಆ ಬೇಸರದ ನಡುವೆ ಅವನು ಬೇರೆ ಯಾರೂ ಮಾಡದ ಒಂದು ಕೆಲಸ ಮಾಡುತ್ತಾನೆ: ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತಾನೆ. ರೈತ ಹೀಗಂದ, ಶಾನುಭೋಗ ಹಾಗಂದ, ವ್ಯಾಪಾರಿಯ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ, ಕಂದಾಯ ಏರೀತೆಂಬ ಹೆದರಿಕೆಗೆ ಬೆಳೆ ಕಡಿಮೆ ಹೇಳಿದರೆಂದು ತನಗೆ ಗುಮಾನಿ. ಅನುಮಾನ ತೀರದಿದ್ದರೆ ಗದ್ದೆಯನ್ನೇ ಅಳೆಸಿದ್ದಾನೆ. ಅವನಿಗೆ ಪೂರ್ವಗ್ರಹ ಇಲ್ಲವೆಂದಲ್ಲ. ಬ್ರಾಹ್ಮಣರ ಮಾತು ಬಂದರೆ ಸಿಡುಕುತ್ತಾನೆ, ಬೇಕಾದವರು ಹೊತ್ತಿಗೆ ಬರದಿದ್ದರೆ ಇಡೀ ಊರನ್ನೇ ಬೈಯುತ್ತಾನೆ. ಆದರೂ ಅವನ ಪುಟದಲ್ಲಿ ಎದುರು ಕೂತವನೊಬ್ಬ ಇರುತ್ತಾನೆ. ಸುಳ್ಳು ಹೇಳಿ ಸಾಹೇಬನನ್ನು ಸಾಗಹಾಕುವಷ್ಟು ಜೀವ ಅವನಿಗೆ ಇರುತ್ತದೆ. ಆಳುವವನ ಒಂದೇ ಕಣ್ಣು ಎನ್ನುವವರು ಎರಡನೆಯ ಈ ಕಣ್ಣನ್ನು ಎಲ್ಲಿ ಬಚ್ಚಿಡುತ್ತಾರೆ?

ಇದಕ್ಕೆ ಬುಕಾನನ್‌ನ ಸಜ್ಜನಿಕೆ ಕಾರಣವೆಂದು ನಾನು ಹೇಳಲಾರೆ. ಒಂದು ಆಕಸ್ಮಿಕವೂ ಕೈಜೋಡಿಸಿದೆ. ದಿನಚರಿಯನ್ನೆಲ್ಲ ಒಡೆದು, ವಿಷಯವಾರು ಜೋಡಿಸಿ, ಚಿಕ್ಕದು ಮಾಡಿ ಪ್ರಕಟಿಸಬೇಕೆಂದು ಅವನಿಗೆ ಮನಸ್ಸಿತ್ತು. ಅವನು ಇಂಗ್ಲೆಂಡಿಗೆ ಮರಳುವ ಹೊತ್ತಿಗೆ ಅಚ್ಚಿನ ಕೆಲಸ ಶುರುವಾಗಿಬಿಟ್ಟಿತ್ತು. 1807ರಲ್ಲಿ ಹಸ್ತಪ್ರತಿ ಇದ್ದ ಹಾಗೆಯೇ ಹೊರಬಂತು. ವಿದ್ವಾಂಸರು ಇದನ್ನು ಪುಸ್ತಕದ ದೊಡ್ಡ ದೋಷವೆನ್ನುತ್ತಾರೆ. ನನಗೆ ಅದು ದೊಡ್ಡ ಭಾಗ್ಯ. ತಿದ್ದಿದ್ದರೆ ರೈತನೂ ಹೋಗುತ್ತಿದ್ದ, ಗುಮಾನಿಯೂ ಹೋಗುತ್ತಿತ್ತು, ‘ಕೃಷಿ’ ಎಂಬ ತಲೆಬರಹ ಉಳಿಯುತ್ತಿತ್ತು.

ತಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಬೇಕಾಗಿಲ್ಲ, ಕ್ಯಾಂಪ್‌ಬೆಲ್ಲನ 1883ರ ಕೆನರಾ ಗೆಜೆಟಿಯರ್ ತೆರೆದರೆ ಸಾಕು. ಜಾತಿ, ಬೆಳೆ, ಹೊಳೆ, ಊರು, ಒಂದೊಂದಕ್ಕೂ ಒಂದೊಂದು ಗೂಡು. ಬಳಸಲು ಸಲೀಸು, ಓದಲು ಯಾರಿಗೂ ಮನಸ್ಸಾಗದು. ಭೂವಿಜ್ಞಾನಿ ಬ್ರೂಸ್ ಫೂಟ್ ಈ ಗೂಡಿನಾಚೆಯ ಮನುಷ್ಯ. ಘಟಪ್ರಭೆ, ಮಲಪ್ರಭೆಗಳ ಕಲ್ಲಿಗೆ ಅವನು ತೋರಿದ ತಾಳ್ಮೆ ದೊಡ್ಡದು. ಆದರೆ ಅವನಿಗೆ ಕಲ್ಲು ಮಾತಾಡಿದಷ್ಟು ಜನ ಮಾತಾಡಲಿಲ್ಲ, ಮುಂದೆ ಹೋಗೋಣ.

ಈಗ ಕ್ಲೆಗಾರ್ನ್. ಇವನೂ ವೈದ್ಯ, ಇವನೂ ಸ್ಕಾಟ್‌ಲೆಂಡಿನ ವಿದ್ಯೆ ಕಲಿತವನು, ಇವನೂ ಸಸ್ಯಪ್ರೇಮಿ. 1856ರಿಂದ ಮದ್ರಾಸ್ ಪ್ರಾಂತ್ಯದ ಕಾಡುಗಳಿಗೆ ದೊಡ್ಡ ಅಧಿಕಾರಿ. ಉತ್ತರ ಕನ್ನಡ ಆಗಿನ್ನೂ ಮದ್ರಾಸಿನಲ್ಲಿತ್ತು, ಮುಂಬೈಗೆ ಸೇರಿದ್ದು 1862ರಲ್ಲಿ. ದಾಂಡೇಲಿಯ ತೇಗ ಇವನ ಬರಹದಲ್ಲಿ ಬರುತ್ತದೆ, ಅಂದರೆ ನಮ್ಮ ಸೀಮೆ ಬರುತ್ತದೆ. ಬುಕಾನನ್ ಕೂಡ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ಬಗ್ಗೆ ಬರೆದಿದ್ದ: ಯಾರು ಕಡಿಯುತ್ತಾರೆ, ಯಾವಾಗ ಸುಡುತ್ತಾರೆ, ಏನು ಬಿತ್ತುತ್ತಾರೆ. ಕ್ಲೆಗಾರ್ನ್ ಬರೆಯುವಾಗ ಕುಮರಿ ಒಂದು ಅಪರಾಧ, ಕಡಿಯುವವನು ತೇಗಕ್ಕೆ ಹತ್ತಿದ ರೋಗ. ಅವನ ವರದಿಯ ಬೆನ್ನಿಗೆ 1860ರಲ್ಲಿ ಕುಮರಿಗೆ ಸರ್ಕಾರದ ಕಡಿವಾಣ ಬಿತ್ತು. ಮರುವರ್ಷ ಅವನ ಪುಸ್ತಕ ಬಂತು. ವಾಕ್ಯಗಳು ಚೊಕ್ಕ, ಅಂಕಿ ಖಚಿತ, ತಾರ್ಕಿಕತೆಗೆ ಕುಂದಿಲ್ಲ. ಕುಮರಿ ಮಾಡುವ ಕುಣಬಿಯ ಮಾತು ಮಾತ್ರ ಕೇಳಿಸುವುದಿಲ್ಲ. ಇವನನ್ನು ಪರಿಸರವಾದದ ಆದಿಪುರುಷನೆಂದು ಕೊಂಡಾಡುವವರಿದ್ದಾರೆ. ಕಾಡು ಉಳಿಯಬೇಕೆಂದು ಅವನು ಬಯಸಿದ್ದು ನಿಜ. ಹಡಗಿಗೆ ಬೇಕಾದ ಮರ, ರೈಲಿನ ಹಳಿಯಡಿಗೆ ಬೇಕಾದ ಮರ ಉಳಿಯಬೇಕೆಂದು.

ಬುಕಾನನ್‌ಗೆ ಮನ್ನಿಸಿದ್ದನ್ನು ಕ್ಲೆಗಾರ್ನ್‌ಗೆ ಏಕೆ ಮನ್ನಿಸುವುದಿಲ್ಲ ಎಂದರೆ, ಮನ್ನಿಸುವುದಿಲ್ಲ, ಅಷ್ಟೆ. ಮನೆ ಕಳೆದುಕೊಂಡವರ ನಡುವೆ ಬೆಳೆದವನ ತಕ್ಕಡಿ ಸಮನಾಗಿ ತೂಗಬೇಕೆಂದು ಕೇಳಬೇಡಿ. ಕಾಳಿ, ಪಾಂಡರಿ ಕೂಡುವಲ್ಲಿದ್ದ ಹಳೆ ಸೂಪಾ ಪೇಟೆ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಮುಳುಗಿದೆ. ಬುಕಾನನ್ ಹಾದುಹೋದ ಕದ್ರಾದಲ್ಲೂ ಈಗ ಅಣೆಕಟ್ಟು.

ನಿಜವಾದ ಜಗಳ ಇರುವುದು ನಮ್ಮ ರುಚಿಯೊಂದಿಗೆ. ಬೀಜ, ಗೇಣಿ, ಹರದಾರಿ ಇರುವ ಗದ್ಯವನ್ನು ನಾವು ಗದ್ಯವೆಂದು ಒಪ್ಪುವುದಿಲ್ಲ. ನಮ್ಮ ಶಾಸನಗಳಲ್ಲಿ ದತ್ತಿಭೂಮಿಯ ಚತುಸ್ಸೀಮೆ ಹೇಳುವಾಗ ಮೂಡಲಿಗೆ ಹುಣಸೆ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಹಳ್ಳ ಎಂದು ಕೆತ್ತಿಸಿದವರಿದ್ದರು. ಆರಂಭದ ವೃತ್ತ, ಕಂದಗಳನ್ನು ಪಾಠಪುಸ್ತಕಕ್ಕೆ ಎತ್ತಿಕೊಂಡೆವು, ಸೀಮೆಯ ಸಾಲನ್ನು ಅಲ್ಲೇ ಬಿಟ್ಟೆವು. ಮೆಕೆಂಜಿಯ ಕಾಲದಲ್ಲಿ ನಮ್ಮ ಕರಣಿಕರೇ ಬರೆದ ಕೈಫಿಯತ್ತುಗಳನ್ನು ಕಲಬುರ್ಗಿಯವರು ಸಂಪಾದಿಸಿ ಕೊಟ್ಟರು. ಆಕರವೆಂದು ಅಡಿಟಿಪ್ಪಣಿಗೆ ಇಳಿಸಿದೆವು. ಕಾರಂತರೂ ತೇಜಸ್ವಿಯೂ ಇಲ್ಲದೆ ಹೋಗಿದ್ದರೆ ಒಂದು ಗಿಡಕ್ಕೋ ಹಕ್ಕಿಗೋ ಅದರ ಹೆಸರು ಹಿಡಿದು ಕರೆಯುವ ಧೈರ್ಯವೂ ನಮಗೆ ಬರುತ್ತಿರಲಿಲ್ಲವೇನೋ. ಇವತ್ತು ದಾಂಡೇಲಿಯ ಮೇಲೆ ಬರುವ ಲೇಖನಗಳನ್ನು ನೋಡಿ: ಹಸಿರ ಸಿರಿ, ಪ್ರಕೃತಿಯ ಮಡಿಲು, ಧುಮ್ಮಿಕ್ಕುವ ಜಲರಾಶಿ. ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ರಬ್ಬರ್ ದೋಣಿ ಏರಿದವನಿಗೆ ಕಾಳಿ ಸ್ವಚ್ಛಂದವಾಗಿ ಹರಿಯುತ್ತಿದೆ ಎನ್ನಿಸುತ್ತದೆ. ಅದನ್ನು ಹಾಗೆಯೇ ಅಚ್ಚು ಹಾಕುವ ಸಂಪಾದಕರೂ ಇದ್ದಾರೆ.

ಈ ಸಿಹಿ ಗದ್ಯದಿಂದ ಯಾರಿಗೇನು ನಷ್ಟ ಎನ್ನುವವರು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಒಮ್ಮೆ ಓದಬೇಕು. ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಗಡಿ ದಾಟಿ ಜೊಯಿಡಾಕ್ಕೆ ಬಂದರೆ ಅಲ್ಲ. ಆದ್ದರಿಂದ ಕಾಯ್ದೆಯ ಹಕ್ಕು ಕೇಳಬೇಕಾದರೆ ಇಲ್ಲಿನವರು ಮೂರು ತಲೆಮಾರು, 75 ವರ್ಷ ಕಾಡಿನಲ್ಲಿದ್ದೇವೆಂದು ಸಾಬೀತು ಮಾಡಬೇಕು. ಸಾಕ್ಷ್ಯವಾಗಿ ಏನನ್ನು ತರಬಹುದೆಂದು ನಿಯಮದಲ್ಲೇ ಇದೆ: ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ನಕ್ಷೆ. ಹಸಿರ ಸಿರಿ ಆ ಪಟ್ಟಿಯಲ್ಲಿಲ್ಲ. ನಾನು ಓದಲಾಗದು ಎಂದು ಜರೆದ ಕ್ಯಾಂಪ್‌ಬೆಲ್ಲನ ಗೂಡುಗಳು ಅಲ್ಲಿವೆ. ಕುಮರಿಯವರ ಕೈ ಕಟ್ಟಬೇಕೆಂದು ಬರೆದ ಕ್ಲೆಗಾರ್ನ್‌ನ ಪುಟಗಳನ್ನೂ, ಅವರು ಆ ಹೊತ್ತಿಗೆ ಕಾಡಿನಲ್ಲಿದ್ದರೆಂದು ತೋರಿಸಲು, ಅರ್ಜಿಯ ಹಿಂದೆ ಲಗತ್ತಿಸಬಹುದು. ನನಗೆ ಇಷ್ಟವಿಲ್ಲದಿದ್ದರೂ ಲಗತ್ತಿಸಬೇಕು.